ಹಗೇವಿನ ಜೋಳ ಉಸಿರಾಡುತ್ತದೆ

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗಿನ ಮಾತು. ಕಾರಹುಣ್ಣಿಮೆಗೆ ನಾಲ್ಕು ದಿನ ಉಳಿದಿತ್ತು. ನಮ್ಮ ಓಣಿಯ ಒಂದು ದೊಡ್ಡ ಮನೆಯಲ್ಲಿ ಹಗೇವು ತೆಗೆಯುವ ಕೆಲಸಕ್ಕೆ ನಮ್ಮ ಕಾಕಾ ಹೋಗಿದ್ದ. ಅರ್ಧ ಜೋಳ ಹಿಂದೆಯೇ ತೆಗೆದು ಮತ್ತೆ ಬಾಯಿ ಮುಚ್ಚಿದ ಹಗೇವು ಅದು. ಮೇಲಿನ ಮಣ್ಣು ಸರಿಸಿ ಕಲ್ಲು ಎತ್ತಿದರು. ಮುದುಕರೊಬ್ಬರು "ಇವತ್ತ ಬಾಯಿ ತಗದ ಹಾಂಗ ಬಿಡ್ರಿ, ನಾಳೆ ಇಳೀರಿ" ಅಂದರು. ಆದರೆ ಮೋಡ ಕಟ್ಟಿತ್ತು. ಮಳೆ ನೀರು ಒಳಗಿಳಿದರೆ ಜೋಳ ಕೆಟ್ಟೀತೆಂದು ಎಲ್ಲರಿಗೂ ಅವಸರ. ಕಾಕಾ ಹಗ್ಗ ಹಿಡಿದು ಇಳಿದ. ಕಾಲು ಜೋಳಕ್ಕೆ ತಾಗುವುದೇ ತಡ, ಕುಸಿದು ಬಿದ್ದ. ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಅಲ್ಲೇ ಬಿದ್ದ. ಮೂರನೆಯವನನ್ನು ಜನ ತಡೆದು ಹಿಡಿದರು. ಹಗ್ಗ, ಕೊಕ್ಕೆ ಹಾಕಿ ಇಬ್ಬರನ್ನೂ ಮೇಲೆತ್ತಿದಾಗ ಎರಡನೆಯವನು ಉಳಿದ, ಕಾಕಾ ಉಳಿಯಲಿಲ್ಲ.

ಕೆಲವರು ಹಗೇವಿನೊಳಗೆ ಭೂತ ಇತ್ತೆಂದರು. ಉಳಿದವರು "ಹವಾ ಬಡೀತು" ಅಂದರು. ನಮ್ಮ ಅಜ್ಜಿ ಮಾತ್ರ ತಾನು ಸಾಯುವ ತನಕ "ಆ ಜ್ವಾಳಾನ ನನ್ನ ಮಗನ ಉಸುರು ಕುಡೀತು" ಅನ್ನುತ್ತಿದ್ದಳು. ದುಃಖದ ಮಾತು ಅಂತ ನಾವು ಸುಮ್ಮನಾಗುತ್ತಿದ್ದೆವು.

ನಾನು ಕಲಿತದ್ದು ಏಳನೇ ಇಯತ್ತೆ. ಅಥಣಿ ತಾಲೂಕಿನ ತೆಲಸಂಗದ ಕಡೆಯ ಒಣಬೇಸಾಯದವ. ಹವಾ ಬಡೀತು ಅಂದರೆ ಯಾವ ಹವಾ, ಎಲ್ಲಿಂದ ಬಂತು ಎಂಬುದು ನನಗೆ ತಿಳಿದದ್ದು ಮಗಳು ಪಿಯುಸಿ ವಿಜ್ಞಾನಕ್ಕೆ ಸೇರಿದ ಮೇಲೆ. ಅವಳ ಜೀವಶಾಸ್ತ್ರದ ಪುಸ್ತಕದಲ್ಲಿ ಜೀವಕೋಶದ ಉಸಿರಾಟ ಎಂಬ ಪಾಠ ಇತ್ತು. ಅವಳು ಓದಿ ಹೇಳಿದಳು, ನಾನು ನಮ್ಮ ಕಣ, ನಮ್ಮ ಚೀಲ, ನಮ್ಮ ಹಗೇವಿಗೆ ಹೊಂದಿಸಿ ನೋಡಿದೆ. ರೈತರಾದ ನಮಗೆಲ್ಲ ಬೇಕಾದ ಪಾಠ ಅದು. ನನಗೆ ತಿಳಿದಂತೆ ಇಲ್ಲಿ ಬರೆದಿದ್ದೇನೆ.

ಕಾಳಿಗೂ ಜೀವ ಇದೆ

ಒಂದು ಜೋಳದ ಕಾಳು ತೆಗೆದುಕೊಳ್ಳಿ. ಅದರ ಹೆಚ್ಚಿನ ಭಾಗ ಹಿಟ್ಟು, ಅಂದರೆ ಪಿಷ್ಟ. ಮೂತಿಯ ಹತ್ತಿರ ಸಣ್ಣದೊಂದು ಮೊಳೆ ಇದೆ. ಹಿಟ್ಟು ಬುತ್ತಿ, ಮೊಳೆ ಜೀವ. ಆ ಮೊಳೆ ಸತ್ತಿಲ್ಲ, ಮಲಗಿದೆ. ಮಲಗಿದ ಮನುಷ್ಯ ಉಸಿರಾಡುವಂತೆ ಅದೂ ಮೆಲ್ಲಗೆ ಉಸಿರಾಡುತ್ತದೆ. ಕಾಳಿಗೆ ಮೂಗಿಲ್ಲ, ಶ್ವಾಸಕೋಶ ಇಲ್ಲ. ಆದರೆ ಅದರ ಒಂದೊಂದು ಜೀವಕೋಶವೂ ಆಮ್ಲಜನಕ ಒಳಗೆ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತದೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಮಡಿಕಿ ಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿರಿ. ಗಂಟಿನ ನಡುವೆ ಬೆರಳು ಇಟ್ಟರೆ ಬೆಚ್ಚಗಿರುತ್ತದೆ. ಅದೇ ಮೊಳಕೆಯನ್ನು ಒಂದು ಡಬ್ಬಿಯಲ್ಲಿ ಹಾಕಿ, ಪಕ್ಕಕ್ಕೆ ಒಂದು ಸಣ್ಣ ಬಟ್ಟಲಲ್ಲಿ ತಿಳಿ ಸುಣ್ಣದ ನೀರು ಇಟ್ಟು, ಮುಚ್ಚಳ ಬಿಗಿಯಾಗಿ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸುಣ್ಣದ ನೀರು ಹಾಲಿನಂತೆ ಬೆಳ್ಳಗಾಗಿರುತ್ತದೆ. ಇಂಗಾಲದ ಡೈಆಕ್ಸೈಡ್ ಸುಣ್ಣದ ನೀರಿಗೆ ಸೇರಿದರೆ ಹಾಗಾಗುತ್ತದೆ. ಬೇರೆ ಬಟ್ಟಲಿನ ಸುಣ್ಣದ ನೀರಿಗೆ ಕೊಳವೆಯಿಂದ ನೀವು ಉಸಿರು ಊದಿದರೂ ಬೆಳ್ಳಗಾಗುತ್ತದೆ. ಕಾಳಿನ ಉಸಿರು, ನಮ್ಮ ಉಸಿರು ಎರಡೂ ಒಂದೇ ಜಾತಿ.

ಬೆಂಕಿ ಇಲ್ಲದ ಉರಿ

ಕುಳ್ಳು ಉರಿದರೆ ಶಾಖ ಬರುತ್ತದೆ, ಆಮ್ಲಜನಕ ಖರ್ಚಾಗುತ್ತದೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಹೊರಬರುತ್ತವೆ. ಜೀವಕೋಶದಲ್ಲಿ ಆಹಾರ ಕರಗುವಾಗ ಕೊನೆಯ ಲೆಕ್ಕ ಅದೇ. ಫ್ರಾನ್ಸಿನ ಲವಾಸಿಯೆ ಎಂಬ ವಿಜ್ಞಾನಿ 1782-83ರ ಚಳಿಗಾಲದಲ್ಲಿ ಒಂದು ಗಿನಿ ಹಂದಿಯನ್ನು ಮಂಜುಗಡ್ಡೆ ಸುತ್ತಿದ ಪೆಟ್ಟಿಗೆಯಲ್ಲಿ ಇಟ್ಟು, ಅದರ ಮೈ ಶಾಖಕ್ಕೆ ಎಷ್ಟು ಮಂಜು ಕರಗಿತೆಂದು ತೂಗಿ ನೋಡಿದ. ಉಸಿರಾಟ ಎಂದರೆ ಮೆಲ್ಲಗೆ ನಡೆಯುವ ಉರಿ ಎಂದು ತೋರಿಸಿದ.

ಲೆಕ್ಕ ಹೀಗಿದೆ. ಪಿಷ್ಟ ಮೊದಲು ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತದೆ. ಒಂದು ಕಿಲೋ ಗ್ಲೂಕೋಸ್ ಪೂರ್ತಿ ಕರಗಲು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಬೇಕು. ಅದರಿಂದ ಸುಮಾರು ಒಂದೂವರೆ ಕಿಲೋ ಇಂಗಾಲದ ಡೈಆಕ್ಸೈಡ್, 600 ಗ್ರಾಂ ನೀರು ಮತ್ತು ಸುಮಾರು 3,700 ಕಿಲೋಕ್ಯಾಲರಿ ಶಾಖ ಬರುತ್ತವೆ. ಆ ಶಾಖ ಪೂರಾ ಸಿಕ್ಕರೆ ಸುಮಾರು 50 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ.

ಹಾಗಾದರೆ ಕಾಳು ಯಾಕೆ ಸುಟ್ಟು ಹೋಗುವುದಿಲ್ಲ? ಕುಳ್ಳಿನ ಒಲೆಯಲ್ಲಿ ಶಕ್ತಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ಜೀವಕೋಶ ಅದೇ ಶಕ್ತಿಯನ್ನು ಹತ್ತಾರು ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲಿಗೆ ಸ್ವಲ್ಪ ಸ್ವಲ್ಪ ಇಳಿಸಿಕೊಳ್ಳುತ್ತದೆ. ಇಳಿಸಿಕೊಂಡದ್ದರಲ್ಲಿ ಒಂದು ಭಾಗ ಕೆಲಸಕ್ಕೆ ಹಿಡಿದಿಡುತ್ತದೆ, ಉಳಿದದ್ದು ಶಾಖವಾಗಿ ಹೊರಗೆ ಹೋಗುತ್ತದೆ. ಮಡಿಕಿ ಗಂಟು ಬೆಚ್ಚಗಾಗುವುದು, ನಮ್ಮ ಮೈ ಬೆಚ್ಚಗಿರುವುದು ಆ ಉಳಿದ ಶಾಖದಿಂದ.

ಮೂರು ಹಂತದ ಕೆಲಸ

ಶಕ್ತಿಯನ್ನು ಹಿಡಿದಿಡುವ ವಸ್ತುವಿಗೆ ಅಡಿನೋಸಿನ್ ಟ್ರೈಫಾಸ್ಫೇಟ್ ಎಂದು ಹೆಸರು. ಎಟಿಪಿ ಅಂತ ಚಿಕ್ಕದಾಗಿ ಕರೆಯುತ್ತಾರೆ. ನಾವು ಔಷಧಿ ಹೊಡೆಯುವ ಬ್ಯಾಟರಿ ಪಂಪಿನ ಬ್ಯಾಟರಿ ಇದ್ದಂತೆ. ಚಾರ್ಜ್ ಆಗುತ್ತದೆ, ಕೆಲಸ ಮಾಡಿ ಖಾಲಿಯಾಗುತ್ತದೆ, ಮತ್ತೆ ಚಾರ್ಜಿಗೆ ಬರುತ್ತದೆ. ಬೇರು ನೆಲ ಸೀಳುವುದು, ಎತ್ತು ನೊಗ ಎಳೆಯುವುದು, ನಾನು ಈಗ ಪೆನ್ನು ಹಿಡಿದಿರುವುದು ಎಲ್ಲ ಇದರಿಂದಲೇ. ನಮ್ಮ ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ನೂರು ಗ್ರಾಂ ಆಸುಪಾಸು. ಆದರೆ ಅದೇ ಮತ್ತೆ ಮತ್ತೆ ಚಾರ್ಜ್ ಆಗಿ, ದಿನಕ್ಕೆ ನಮ್ಮ ಮೈತೂಕದಷ್ಟು ಎಟಿಪಿಯ ಕೆಲಸ ಮಾಡುತ್ತದೆ.

ಇದನ್ನು 1929ರಲ್ಲಿ ಕಂಡುಹಿಡಿದವರಲ್ಲಿ ನಮ್ಮವರೊಬ್ಬರಿದ್ದರು. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಹಾರ್ವರ್ಡ್‌ನಲ್ಲಿ ಫಿಸ್ಕೆ ಎಂಬುವರ ಜೊತೆ ಸ್ನಾಯುಗಳ ಮೇಲೆ ಕೆಲಸ ಮಾಡುವಾಗ ಅವರಿಗೆ ಇದು ಸಿಕ್ಕಿತು. ಜರ್ಮನಿಯಲ್ಲಿ ಲೋಮನ್ ಎಂಬುವರೂ ಅದೇ ವರ್ಷ ಕಂಡರು. ಇದರ ಹೆಸರಲ್ಲೇ ಫಾಸ್ಫೇಟ್ ಇದೆ ನೋಡಿ. ಬಿತ್ತುವಾಗ ನಾವು ಕೊಡುವ ಡಿಎಪಿ, ಸೂಪರ್ ಫಾಸ್ಫೇಟಿನಲ್ಲಿರುವ ರಂಜಕದ ಒಂದು ಕೆಲಸ ಈ ಬ್ಯಾಟರಿಯಲ್ಲಿದೆ. ರಂಜಕ ಕಡಿಮೆಯಾದ ಹೊಲದಲ್ಲಿ ಪೈರು ಕುಂಟುವುದಕ್ಕೆ ಇದೂ ಒಂದು ಕಾರಣ.

ಇನ್ನು ಚಾರ್ಜ್ ಮಾಡುವ ಬಗೆ.

ಮೊದಲನೇ ಹಂತದಲ್ಲಿ ಗ್ಲೂಕೋಸ್ ಎರಡು ತುಂಡಾಗುತ್ತದೆ. ಇದಕ್ಕೆ ಗಾಳಿ ಬೇಡ. ಸಿಗುವ ಲಾಭವೂ ಕಡಿಮೆ, ಬರೀ 2 ಎಟಿಪಿ.

ಎರಡನೇ ಹಂತ ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಸಣ್ಣ ಕೋಣೆಗಳಲ್ಲಿ ನಡೆಯುತ್ತದೆ. ಆ ತುಂಡುಗಳು ಗಾಣದ ಎತ್ತಿನಂತೆ ಒಂದು ಸುತ್ತಿಗೆ ಬಿದ್ದು ಪೂರ್ತಿ ಬಿಡಿಸಿಹೋಗುತ್ತವೆ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಇಲ್ಲಿ. ಈ ಸುತ್ತನ್ನು 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಬಿಡಿಸಿ ಹೇಳಿದ, 1953ರಲ್ಲಿ ಅವನಿಗೆ ನೊಬೆಲ್ ಬಂತು.

ಮೂರನೇ ಹಂತ ಮುಖ್ಯವಾದದ್ದು. ಸಕ್ಕರೆಯಿಂದ ತೆಗೆದ ಎಲೆಕ್ಟ್ರಾನುಗಳನ್ನು ಸಾಲಾಗಿ ನಿಂತ ಆಳುಗಳು ಬುಟ್ಟಿ ದಾಟಿಸಿದಂತೆ ಕೈಯಿಂದ ಕೈಗೆ ದಾಟಿಸುತ್ತಾರೆ. ಸಾಲಿನ ಕೊನೆಗೆ ಬುಟ್ಟಿ ಇಳಿಸಿಕೊಳ್ಳಲು ನಿಂತವನೇ ಆಮ್ಲಜನಕ. ಅದು ಎಲೆಕ್ಟ್ರಾನು ಮತ್ತು ಜಲಜನಕ ತೆಗೆದುಕೊಂಡು ನೀರಾಗುತ್ತದೆ. ಹೀಗೆ ದಾಟಿಸುವಾಗ ಸಿಗುವ ಶಕ್ತಿಯಿಂದ ಪ್ರೋಟಾನುಗಳನ್ನು ಒಂದು ಪೊರೆಯ ಆಚೆ ಒತ್ತಿ ತುಂಬಲಾಗುತ್ತದೆ, ಅಣೆಕಟ್ಟೆಯ ಹಿಂದೆ ನೀರು ತುಂಬಿದಂತೆ. ನಮ್ಮ ಪಕ್ಕದ ಗೋಕಾಕ ಜಲಪಾತದಲ್ಲಿ ನೀರಿನ ಧುಮುಕಿನಿಂದ ಗಾಲಿ ತಿರುಗಿಸಿ ಕರೆಂಟು ತೆಗೆದರಲ್ಲ, ಅದೇ ಉಪಾಯ ಇಲ್ಲಿದೆ. ಪ್ರೋಟಾನುಗಳು ಮರಳಿ ಬರುವ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಲಿ ಇದೆ. ಅದು ನಿಜವಾಗಿಯೂ ಗರಗರ ತಿರುಗುತ್ತದೆ, ತಿರುಗಿದಂತೆ ಎಟಿಪಿ ಚಾರ್ಜ್ ಆಗುತ್ತದೆ. ಈ ವಿಚಾರವನ್ನು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1978ರಲ್ಲಿ ಅವನಿಗೂ ನೊಬೆಲ್ ಕೊಟ್ಟರು. ಮೂರೂ ಹಂತ ಸೇರಿ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ ಸಿಗುತ್ತದೆ.

ಆಮ್ಲಜನಕ ಇಲ್ಲದಿದ್ದರೆ? ಸಾಲಿನ ಕೊನೆಯ ಆಳು ಬರಲಿಲ್ಲ ಅಂದರೆ ಉಳಿದವರೆಲ್ಲ ತುಂಬಿದ ಬುಟ್ಟಿ ಹಿಡಿದು ನಿಂತಲ್ಲೇ ನಿಲ್ಲಬೇಕು. ಎರಡನೇ ಹಂತವೂ ನಿಲ್ಲುತ್ತದೆ. 30 ಬರುವಲ್ಲಿ ಬರೀ 2. ಕಾಳು, ಬೇರು ಆ ಎರಡರಲ್ಲೇ ಸ್ವಲ್ಪ ದಿನ ಜೀವ ಹಿಡಿಯುತ್ತವೆ, ಒಳಗೆ ಮದ್ಯದ ಅಂಶ ಕೂಡುತ್ತದೆ. ಮನುಷ್ಯನ ಮಿದುಳಿಗೆ ಮಾತ್ರ ಆ ಎರಡು ಸಾಲುವುದಿಲ್ಲ. ಅದಕ್ಕೆ ದಾಸ್ತಾನು ಎಂಬುದೇ ಇಲ್ಲ.

ಹಗೇವಿನೊಳಗೆ ಆದದ್ದೇನು

ಈಗ ಹಗೇವಿಗೆ ಬರೋಣ. ನಿಪ್ಪಾಣಿ ಕಡೆಯ ಮರಾಠಿ ಮಾತಿನವರು ಇದನ್ನೇ ಪೇವ ಅನ್ನುತ್ತಾರೆ. ಉದ್ದ, ಅಗಲ, ಆಳ ಹತ್ತತ್ತು ಅಡಿ ಇರುವ ಹಗೇವು ಅಂದುಕೊಳ್ಳಿ. ಅರ್ಧ ಜೋಳ ಇದ್ದರೆ ಸುಮಾರು 100 ಕ್ವಿಂಟಲ್. ಉಳಿದರ್ಧ ಜಾಗ ಮತ್ತು ಕಾಳುಗಳ ಸಂದಿಯ ಗಾಳಿ ಸೇರಿ ಸುಮಾರು 20 ಘನ ಮೀಟರ್. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಒಂದು ಘನ ಮೀಟರ್ ಗಾಳಿಯ ಆಮ್ಲಜನಕವನ್ನೆಲ್ಲ ಮುಗಿಸಲು ಪಾವು ಕಿಲೋ ಗ್ಲೂಕೋಸ್ ಕರಗಿದರೆ ಸಾಕು. ಅಂದರೆ ಇಡೀ ಹಗೇವಿಗೆ 5 ಕಿಲೋ!

ನೂರು ಕ್ವಿಂಟಲ್ ಜೋಳದಲ್ಲಿ 5 ಕಿಲೋ ಕಡಿಮೆಯಾದರೆ ಯಾವ ತಕ್ಕಡಿಗೂ ಗೊತ್ತಾಗುವುದಿಲ್ಲ. ಆದರೆ ಒಳಗೆ ಇಳಿದವನ ಜೀವ ಹೋಗುತ್ತದೆ. ಜೋಳ ಒಂದೇ ಅಲ್ಲ, ಹಸಿ ಹಿಡಿದ ಅಂಚಿನ ಹುಲ್ಲಿನ ಬೂಷ್ಟು, ಕಾಳಿನ ಹುಳ ಎಲ್ಲವೂ ಅದೇ ಆಮ್ಲಜನಕ ತಿನ್ನುತ್ತವೆ. ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸಣ್ಣ ಬಾಯಿಯಿಂದ ಅದು ತಾನಾಗಿ ಮೇಲೆ ಬರುವುದಿಲ್ಲ, ತಳದಲ್ಲಿ ಕೂಡುತ್ತದೆ. ಆಮ್ಲಜನಕ ಶೇಕಡಾ 6ಕ್ಕಿಂತ ಇಳಿದ ಗಾಳಿಯಲ್ಲಿ ನಾಲ್ಕು ಉಸಿರು ಎಳೆಯುವುದರೊಳಗೆ ಎಚ್ಚರ ತಪ್ಪುತ್ತದೆ. ಕೂಗಿ ಕರೆಯಲು ಹೊತ್ತೇ ಸಿಗುವುದಿಲ್ಲ.

ಹಾಗಂತ ಹಿರಿಯರು ದಡ್ಡರೇನಲ್ಲ. ಈ ಗಾಳಿಯೇ ಹಗೇವಿನ ಔಷಧಿಯೂ ಹೌದು. ಆಮ್ಲಜನಕ ಮುಗಿದರೆ ಹುಳ ಸಾಯುತ್ತದೆ, ಜೋಳದ ಉಸಿರೂ ತಗ್ಗುತ್ತದೆ, ಪುಡಿ ಹಾಕದೆ ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಈಗ ಪೇಟೆಯಲ್ಲಿ ಸಿಗುವ ಗಾಳಿಯಾಡದ ಪದರಿನ ಚೀಲಗಳದ್ದೂ ಇದೇ ತತ್ವ. ಹಗೇವಿನ ಜೋಳವನ್ನು ನಮ್ಮ ಹಿರಿಯರು ಬೀಜಕ್ಕೆ ಇಡುತ್ತಿರಲಿಲ್ಲ. ಆರಿಸಿದ ತೆನೆಗಳನ್ನು ಬೇರೆ ಒಣಗಿಸಿ ಕಾಳು ಮಾಡಿ ಗಡಿಗೆಯಲ್ಲಿ ಬೂದಿ ಬೆರೆಸಿ ಇಡುತ್ತಿದ್ದರು. ನೆಲದ ತಂಪಿಗೆ ತೇವ ಹಿಡಿದು, ಗಾಳಿಯೂ ಇಲ್ಲದೆ ಮೊಳೆ ಸೊರಗುತ್ತದೆಂದು ಅವರು ಕಂಡು ತಿಳಿದಿದ್ದರು.

ನಾನು ಮಾಡಿದ ತಪ್ಪು

ಇಷ್ಟು ತಿಳಿದ ಮೇಲೂ ನಾನು ಒಮ್ಮೆ ಎಡವಿದೆ. ಬಿಳಿಜೋಳದ ತೆನೆ ಮುರಿದು ಕಣಕ್ಕೆ ತಂದಾಗ ಅಕಾಲ ಮಳೆಯ ಮೋಡ ಬಂತು. ಅರ್ಧ ಒಣಗಿದ ತೆನೆ ಗುಂಪು ಹಾಕಿ, ಮೇಲೆ ತಾಡಪತ್ರಿ ಬಿಗಿದು ಐದು ದಿನ ಬಿಟ್ಟೆ. ಮಳೆ ಹನಿ ಒಳಗೆ ಹೋಗಲಿಲ್ಲ. ಆದರೆ ಆರನೇ ದಿನ ಗುಂಪಿನೊಳಗೆ ಕೈ ಹಾಕಿದರೆ ಬಿಸಿ, ಮುಗ್ಗಲು ವಾಸನೆ. ನಡುವಿನ ಕಾಳು ಕಪ್ಪಗಾಗಿತ್ತು. ಹೆಂಡತಿ "ಮಳಿ ಬರಲಾರದ ಜ್ವಾಳಾ ತೊಯ್ದೈತಲ್ರೀ" ಅಂದಳು.

ಅವಳ ಮಾತು ಸರಿ ಇತ್ತು. ಒಂದು ಕಿಲೋ ಸಕ್ಕರೆ ಕರಗಿದರೆ 600 ಗ್ರಾಂ ನೀರು ಬರುತ್ತದೆಂದು ಮೇಲೆ ಹೇಳಿದೆನಲ್ಲ. ಹಸಿ ಕಾಳು ಜೋರಾಗಿ ಉಸಿರಾಡುತ್ತದೆ, ಅದರಿಂದ ನೀರು ಮತ್ತು ಶಾಖ ಬರುತ್ತವೆ, ಅವುಗಳಿಂದ ಉಸಿರು ಇನ್ನೂ ಹೆಚ್ಚುತ್ತದೆ. ಸಾಮಾನ್ಯವಾಗಿ ಶಾಖ 10 ಡಿಗ್ರಿ ಏರಿದರೆ ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ. ಜೊತೆಗೆ ಬೂಷ್ಟು ಸೇರುತ್ತದೆ. ಹೊರಗಿನ ನೀರಿಗೆ ತಾಡಪತ್ರಿ ಇದೆ, ಒಳಗೆ ಹುಟ್ಟುವ ನೀರಿಗೆ ಬಿಸಿಲು, ಗಾಳಿಯೇ ಮದ್ದು.

ಹೊಳೆಸಾಲಿನವರಿಗೂ ಇದೇ ಪಾಠ

ಕಬ್ಬಿನವರು ಇದು ನಮಗಲ್ಲ ಅನ್ನಬಾರದು. ಕಡಿದ ಕಬ್ಬಿಗೂ ಜೀವ ಇರುತ್ತದೆ. ಎಲೆ ಹೋದ ಮೇಲೆ ಹೊಸ ಸಕ್ಕರೆ ಆಗುವುದಿಲ್ಲ, ಇದ್ದದ್ದನ್ನೇ ಅದು ತಿನ್ನುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಕಡಿದ ತುದಿಯಿಂದ ಸೂಕ್ಷ್ಮಜೀವಿಗಳು ಸೇರುತ್ತವೆ. ಬಂಡಿ ಸಾಲಿನಲ್ಲಿ ನಿಂತಷ್ಟು ಹೊತ್ತು ತೂಕವೂ ಹೋಗುತ್ತದೆ, ಸಿಹಿಯೂ ಹೋಗುತ್ತದೆ. ಕಡಿದ ಒಂದು ದಿನದೊಳಗೆ ಅರೆಯಬೇಕು ಅನ್ನುವುದು ಇದಕ್ಕೇ.

2005, 2019, 2021ರಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನ ಹೊಲಗಳಲ್ಲಿ ನೀರು ನಿಂತದ್ದು ಎಲ್ಲರಿಗೂ ನೆನಪಿದೆ. ನೀರಿನಲ್ಲಿ ನಿಂತ ಸೋಯಾಬೀನ್ ಹಳದಿಯಾಗಿ ಬಾಡುತ್ತದೆ. ನೀರಿದ್ದೂ ಯಾಕೆ ಬಾಡುತ್ತದೆ? ಬೇರಿಗೆ ಉಸಿರಿಲ್ಲ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹತ್ತು ಸಾವಿರ ಪಟ್ಟು ನಿಧಾನ. ಎಟಿಪಿ ಇಲ್ಲದ ಬೇರು ನೀರನ್ನೂ, ಗೊಬ್ಬರವನ್ನೂ ಎಳೆಯಲಾರದು. ನೀರು ನಿಂತ ಹೊಲಕ್ಕೆ ಯೂರಿಯಾ ಚೆಲ್ಲುವುದಕ್ಕಿಂತ ಮೊದಲು ಬಸಿಗಾಲುವೆ ತೋಡಿ ನೀರು ಹೊರಗೆ ಹಾಕಬೇಕು. ನೆಲ ಆರಿದ ಮೇಲೆ ಹಗುರವಾಗಿ ಎಡೆ ಹೊಡೆದರೆ ಬೇರಿಗೆ ಗಾಳಿ ಸಿಗುತ್ತದೆ.

ನೆನಪಿಡಬೇಕಾದದ್ದು

1. ಜೋಳದ ತೇವ ಶೇಕಡಾ 12ಕ್ಕೆ ಬರುವ ತನಕ ಒಣಗಿಸಿ. ಹಲ್ಲಿಗೆ ಇಟ್ಟು ಕಡಿದರೆ ಕಟ್ ಅಂತ ಸಪ್ಪಳ ಬರಬೇಕು.

2. ಅನುಮಾನ ಇದ್ದರೆ ಒಣಗಿದ ಗಾಜಿನ ಬಾಟ್ಲಿಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚೆ ಒಣ ಉಪ್ಪು ಹಾಕಿ ಮುಚ್ಚಿ ಅಲುಗಾಡಿಸಿ. ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇಕಡಾ 15ಕ್ಕಿಂತ ಹೆಚ್ಚಿದೆ, ಚೀಲ ತುಂಬಬೇಡಿ. ಅಂಟದಿದ್ದರೂ ಇನ್ನೆರಡು ಬಿಸಿಲು ತೋರಿಸಿದರೆ ನಷ್ಟವಿಲ್ಲ.

3. ಬಿಸಿಲಿನಿಂದ ತಂದ ಕಾಳನ್ನು ನೆರಳಿನಲ್ಲಿ ಆರಿಸಿ ಆಮೇಲೆ ತುಂಬಿ. ಚೀಲದ ಕೆಳಗೆ ಹಲಗೆ ಇರಲಿ. ವಾರಕ್ಕೊಮ್ಮೆ ಚೀಲದೊಳಗೆ ಕೈ ಹಾಕಿ ನೋಡಿ. ಬಿಸಿ ತಾಗಿದರೆ ಅವತ್ತೇ ಬಿಚ್ಚಿ ಹರವಿ.

4. ಬೀಜದ ಕಾಳಿಗೆ ಇನ್ನೂ ಹೆಚ್ಚು ಜೋಪಾನ ಬೇಕು. ತೇವ ಶೇಕಡಾ ಒಂದು ಕಡಿಮೆಯಾದರೆ ಬೀಜದ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ.

5. ಹಗೇವು, ಹಾಳು ಬಾವಿ, ಗೋಬರ್ ಗ್ಯಾಸ್ ಗುಂಡಿ ಇವುಗಳಲ್ಲಿ ಯಾವುದಕ್ಕೂ ಒಮ್ಮೆಲೇ ಇಳಿಯಬೇಡಿ. ಹಗೇವಿನ ಬಾಯಿ ಒಂದು ದಿನವಾದರೂ ತೆರೆದಿಟ್ಟು, ಫ್ಯಾನಿನಿಂದ ತಳದ ತನಕ ಹೊಸ ಗಾಳಿ ಹಾಯಿಸಿ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ತಳಕ್ಕೆ ಬಿಡಿ. ಆರಿದರೆ ಇಳಿಯುವ ಮಾತೇ ಇಲ್ಲ. ಆರದಿದ್ದರೂ ಪೂರಾ ನಂಬಬೇಡಿ, ಇಳಿಯುವವನ ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಎಳೆಯಲು ಇಬ್ಬರು ಇರಬೇಕು. ಗೋಬರ್ ಗ್ಯಾಸ್ ಗುಂಡಿಗೆ ಮಾತ್ರ ಕಂದೀಲು ತರಲೇಬೇಡಿ, ಆ ಗ್ಯಾಸಿಗೆ ಬೆಂಕಿ ಹತ್ತುತ್ತದೆ.

6. ಒಳಗೆ ಒಬ್ಬ ಬಿದ್ದರೆ ಹಿಂದೆ ಇನ್ನೊಬ್ಬ ಇಳಿಯಬಾರದು. ಕರುಳು ಕೇಳುವುದಿಲ್ಲ, ಆದರೂ ಇಳಿಯಬಾರದು. ಹಗ್ಗದಿಂದಲೇ ಎಳೆಯಬೇಕು. ಗಾಳಿ ಹಾಯಿಸುತ್ತಾ ಅಗ್ನಿಶಾಮಕದವರಿಗೆ 112ಕ್ಕೆ ಫೋನ್ ಮಾಡಬೇಕು.

ನಮ್ಮ ಊರಿನ ಹೆಚ್ಚಿನ ಹಗೇವು ಈಗ ಮುಚ್ಚಿವೆ. ಹಳೆಯ ಮನೆಗಳ ಅಂಗಳದಲ್ಲಿ ಒಂದೆರಡು ಉಳಿದಿವೆ. ಹುಡುಗರಿಗೆ ಅದರ ಬಾಯಿ ಎಲ್ಲಿದೆ ಅನ್ನುವುದೂ ಗೊತ್ತಿಲ್ಲ, ಅದರ ಭಯವೂ ಗೊತ್ತಿಲ್ಲ. ನಿಮ್ಮ ಊರಲ್ಲಿ ಹಗೇವು ಇದ್ದರೆ ಅದರ ಬಾಯಿಗೆ ಗುರುತು ಹಾಕಿ, ಮಕ್ಕಳನ್ನು ಕರೆದು ತೋರಿಸಿ ಹೇಳಿ. ಹಗೇವಿನ ಅನುಭವ ಇದ್ದವರು ಪತ್ರಿಕೆಗೆ ಬರೆಯಿರಿ.

ಜೋಳ ಉಸುರು ಕುಡೀತು ಅಂದ ಅಜ್ಜಿಗೆ ನಾವು ಯಾರೂ ಉತ್ತರ ಕೊಟ್ಟಿರಲಿಲ್ಲ. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.